ನಗು ಪತ್ತೆಯಾಗಿಲ್ಲ

"ನಗೇ, ಸೊಟ್ಟಮೂತಿ! ಹಲ್ಲು ಕಿರಿಯೋಕೂ ಓವರ್‌ಟೈಮ್ ಕೊಡ್ಬೇಕೇನೇ ನಿಂಗೆ?"

ಮೇಸ್ತ್ರಿ ಫೋನನ್ನು ಅತ್ತಿಗೆಯ ಮುಖದ ಹತ್ತಿರ ಹಿಡಿದಿದ್ದ. ಅವಳ ಎರಡೂ ಕೈ ತೊಟ್ಟಿಯೊಳಗಿದ್ದವು. ಆಪರೇಷನ್ ಕೋಣೆಯಿಂದ ಬರುವ ಹಸಿರು ಬಟ್ಟೆಗಳನ್ನು ಯಂತ್ರಕ್ಕೆ ಹಾಕುವ ಮೊದಲು, ಮೆತ್ತಿದ ರಕ್ತವನ್ನು ತಣ್ಣೀರಿನಲ್ಲಿ ಕೈಯಿಂದಲೇ ಉಜ್ಜಿ ಬಿಡಿಸಬೇಕು. ಅವಳು ತಲೆಯೆತ್ತಿ ಬಾಯಗಲಿಸಿದಳು. ಬಲಗೆನ್ನೆ ಮೇಲೆದ್ದಿತು. ಎಡಗೆನ್ನೆ ಇದ್ದಲ್ಲೇ ಇತ್ತು.

"ನಗು ಪತ್ತೆಯಾಗಿಲ್ಲ," ಎಂದಿತು ಫೋನು, ಜೇನಿನಂಥ ಹೆಣ್ಣುದನಿಯಲ್ಲಿ. "ದಯವಿಟ್ಟು ಪಾಠವನ್ನು ಮೊದಲಿನಿಂದ ನೋಡಿ."

"ನಿನ್ನ ಮೂತಿಗೆ ಬೆಂಕಿ ಹಾಕ," ಎಂದ ಮೇಸ್ತ್ರಿ.

"ಹಾಕಿ ಆಯ್ತಲ್ಲ. ಇನ್ನೆಷ್ಟು ಸಲ ಹಾಕ್ತೀಯ?" ಎಂದು ಅತ್ತಿಗೆ ಮತ್ತೆ ಉಜ್ಜತೊಡಗಿದಳು.

ನಾವು ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ದುಡಿಯುವ ಹೆಂಗಸರು. ಅವಳ ನಾದಿನಿಯೂ ನಮ್ಮ ಜೊತೆಯವಳೇ. ನಾದಿನಿ 'ಅತ್ತಿಗೆ, ಅತ್ತಿಗೆ' ಎಂದು ಕರೆದು ಕರೆದು ಇವಳು ನಮಗೆಲ್ಲ ಅತ್ತಿಗೆಯೇ ಆಗಿಬಿಟ್ಟಿದ್ದಳು. ಹಿಂದೊಮ್ಮೆ ಹಬೆಯ ಪೈಪು ಒಡೆದಾಗ, ಯಾವ ತಿರುಪು ತಿರುಗಿಸಿದರೆ ಹಬೆ ನಿಲ್ಲುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಮೇಸ್ತ್ರಿ ಚಹಾ ಕುಡಿಯಲು ಹೋಗಿದ್ದ. ಅತ್ತಿಗೆಯ ಎಡಗೆನ್ನೆ ಬೆಂದು, ಮಾದು, ಕೆಳಕ್ಕೆ ಜಗ್ಗಿಕೊಂಡಿತು. ಹಬೆ ಹೋಗುವ ದಾರಿಯಲ್ಲಿ ಮುಖ ಇಟ್ಟಿದ್ದು ಅವಳದೇ ತಪ್ಪು ಎಂದು ಗುತ್ತಿಗೆದಾರ ವಿಚಾರಣೆಯಲ್ಲಿ ಹೇಳಿದ. ವಿಚಾರಣೆ ಒಪ್ಪಿಕೊಂಡಿತು.

ಸರ್ಕಾರಕ್ಕೆ ನಮ್ಮ ಮೇಲೆ ಮಮತೆ ಉಕ್ಕಿದ್ದು ಆಮೇಲೆ. ದೊಡ್ಡವರೂ ಕಲಿಯಬೇಕು, ಇದ್ದಲ್ಲೇ ಕಲಿಯಬೇಕು, ಬಿಟ್ಟಿಯಾಗಿ ಕಲಿಯಬೇಕು ಎಂದು ಫೋನಿನಲ್ಲಿ ನೋಡುವ ಕೋರ್ಸೊಂದನ್ನು ಕಳಿಸಿಕೊಟ್ಟಿತು. ಅದರ ಹೆಸರು 'ನಗುವ ಕೆಲಸಗಾರ'. ಮುಗಿಸದವರ ಗೇಟ್ ಪಾಸ್ ಮುಂದುವರಿಸುವುದಿಲ್ಲ ಎಂದು ಗುತ್ತಿಗೆದಾರ ಸಾರಿದ.

ಅದನ್ನು ಪರಿಚಯಿಸಲು ಟೈ ಕಟ್ಟಿದ ಕೋರ್ಸಿನವನೊಬ್ಬ ಬಂದ. ಮೊದಲ ಪಾಠ ಹಾಕಿ ತೋರಿಸಿದ. ಅದರಲ್ಲೊಬ್ಬ ತಿರುಗುವ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ: "ಬೆನ್ನು ನೆಟ್ಟಗಿರಲಿ. ಕುರ್ಚಿಯ ಎತ್ತರ ಸರಿಮಾಡಿಕೊಳ್ಳಿ. ದಣಿವಾದಾಗ ಕಿಟಕಿಯಾಚೆಯ ಹಸಿರನ್ನು ನೋಡಿ."

ನಮಗೆ ಕುರ್ಚಿಯೂ ಇರಲಿಲ್ಲ, ಕಿಟಕಿಯೂ ಇರಲಿಲ್ಲ. ಹಸಿರು ಮಾತ್ರ ಇತ್ತು, ರಕ್ತ ಮೆತ್ತಿಕೊಂಡು.

"ಸಾರ್, ಆ ಬಾಯ್ಲರ್ ನಡೆಸೋದು ಕಲಿಸ್ತೀರಾ?" ಎಂದು ನಾದಿನಿ ಕೇಳಿದಳು. "ಪೈಪ್ ಒಡೆದ್ರೆ ಏನ್ಮಾಡ್ಬೇಕು ಅಂತಾದ್ರೂ?"

"ಅದು ತಾಂತ್ರಿಕ ವಿಷಯ ಅಮ್ಮ. ಇದು ಮನೋಭಾವದ ಕೋರ್ಸು."

"ಬಟ್ಟೆ ಒಗೆಯೋದು?"

"ಅದು ನಿಮಗೆ ಗೊತ್ತೇ ಇದೆಯಲ್ಲ. ಗೊತ್ತಿಲ್ಲದ್ದನ್ನ ಕಲಿಯೋದೇ ಶಿಕ್ಷಣ."

"ಅದೂ ನಿಜವೇ," ಎಂದಳು ಅತ್ತಿಗೆ. "ಕುರ್ಚಿ ಬಗ್ಗೆ ನಮಗೆ ಏನೇನೂ ಗೊತ್ತಿಲ್ಲ ಬಿಡಿ."

ನಾವು ಗೊಳ್ಳನೆ ನಕ್ಕೆವು. ಅವನು ಖುಷಿಯಿಂದ ಅದನ್ನು ವಿಡಿಯೋ ಮಾಡಿಕೊಂಡ.

ಪ್ರತಿ ಪಾಠ ಮುಗಿದ ಮೇಲೆ ಕ್ಯಾಮೆರಾ ನೋಡಿ ನಗಬೇಕು. ನಕ್ಕರೆ ಕಲಿತವರಿಗೆ ತೃಪ್ತಿಯಾಗಿದೆ ಎಂದರ್ಥ. ಮುಂದಿನ ಪಾಠ ತೆರೆದುಕೊಳ್ಳುತ್ತದೆ. ನಾವು ಫೋನನ್ನು ಮಡಿಚಿದ ಚಾದರಗಳ ರಾಶಿಗೆ ಒರಗಿಸಿ, ಅದರ ಪಾಡಿಗೆ ಅದನ್ನು ಮಾತಾಡಲು ಬಿಟ್ಟು, ಕೊನೆಯಲ್ಲಿ ಓಡಿಬಂದು ಹಲ್ಲು ಕಿರಿದು ಹೋಗುತ್ತಿದ್ದೆವು. 'ಮೇಲಧಿಕಾರಿಗೆ ಇಮೇಲ್ ಬರೆಯುವ ಬಗೆ' ಎಂಬ ಪಾಠದಲ್ಲಿ, ನಮ್ಮ ಜೊತೆ ದುಡಿಯುವ, ಹೆಬ್ಬೆಟ್ಟು ಒತ್ತುವ ಅಜ್ಜಿಗೆ 'ಅತ್ಯುತ್ತಮ' ಬಂತು.

ಅತ್ತಿಗೆಗೆ ಮಾತ್ರ ಆ ಮೊದಲ ಪಾಠದಿಂದ ಆಚೆ ಕಾಲಿಡಲಾಗಲಿಲ್ಲ. ಕುರ್ಚಿಯವನ ಮಾತೆಲ್ಲ ಅವಳಿಗೆ ಬಾಯಿಪಾಠವಾಗಿಹೋಯಿತು. ಸೊಂಟ ಬಗ್ಗಿಸಿ ಉಜ್ಜುತ್ತ, ಅವನದೇ ದನಿಯಲ್ಲಿ "ಬೆನ್ನು ನೆಟ್ಟಗಿರಲಿ" ಎನ್ನುತ್ತಿದ್ದಳು. ನಮಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗುತ್ತಿತ್ತು. ನಾದಿನಿ ನಗುತ್ತಿರಲಿಲ್ಲ. ಅವಳ ಅಣ್ಣ ಹಾಸಿಗೆ ಹಿಡಿದ ಮೇಲೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಈ ಇಬ್ಬರ ದುಡಿಮೆಯಿಂದ.

"ನನ್ನ ಮುಖ ತೋರಿಸ್ಲಾ ಅತ್ತಿಗೆ?"

"ತೋರಿಸಿ ನೋಡಿದ್ವಲ್ಲೇ. ನೀನು ನಾನಲ್ಲ ಅಂತ ಆ ದರಿದ್ರದ್ದಕ್ಕೆ ಗೊತ್ತಾಗುತ್ತೆ. ನಾನು ನಕ್ಕಿದ್ದು ಮಾತ್ರ ಗೊತ್ತಾಗಲ್ಲ."

ಅಷ್ಟರಲ್ಲಿ ಇಲಾಖೆಯ ಅಧಿಕಾರಿ ನಮ್ಮ ಲಾಂಡ್ರಿಗೇ ಬಂದು ಸರ್ಟಿಫಿಕೇಟು ಕೊಡುತ್ತಾರೆಂದು ಸುದ್ದಿಯಾಯಿತು. ಒಬ್ಬಳು ಬಾಕಿ ಉಳಿದರೂ ಗುತ್ತಿಗೆದಾರನ ಮಾನ ಹೋಗುತ್ತಿತ್ತು. ಮೇಸ್ತ್ರಿ ವಾರ್ಡಿನಿಂದ ಗಾಯಕ್ಕೆ ಹಾಕುವ ಪ್ಲಾಸ್ಟರಿನ ಸುರುಳಿ ತಂದ.

"ಅಲ್ಲಾಡಬೇಡ," ಎಂದು ಅತ್ತಿಗೆಯನ್ನು ಗೋಡೆಗೆ ಒರಗಿಸಿ, ಹೆಬ್ಬೆರಳಿನಿಂದ ಅವಳ ಸತ್ತ ಕೆನ್ನೆಯನ್ನು ಮೇಲಕ್ಕೆ ತಳ್ಳಿದ. ತುಟಿಯಂಚಿನಿಂದ ಕಿವಿಯ ಹಿಂದಿನವರೆಗೆ ಪಟ್ಟಿ ಎಳೆದು ಅಂಟಿಸಿದ. ತುಟಿ ಎತ್ತಿಕೊಂಡು ಹಲ್ಲು ಕಾಣಿಸಿತು. ಎಡಗಣ್ಣಿನಿಂದ ನೀರು ತಾನಾಗಿಯೇ ಇಳಿಯಿತು.

"ಅಭಿನಂದನೆಗಳು!" ಎಂದಿತು ಫೋನು. "ನಿಮ್ಮ ನಗು ಬಹಳ ಸುಂದರವಾಗಿದೆ."

ಅವಳನ್ನು ಹಾಗೇ ನಿಲ್ಲಿಸಿಕೊಂಡು ಎಲ್ಲ ಪಾಠಗಳನ್ನೂ ಓಡಿಸಿದ. ನೋಡಬೇಕಾಗಿರಲಿಲ್ಲ, ಓಡಿದರೆ ಸಾಕಿತ್ತು. ಕೊನೆಗೆ ಪಟ್ಟಿ ಕಿತ್ತಾಗ ಬೆಂದು ತೆಳುವಾಗಿದ್ದ ಚರ್ಮವೂ ಜೊತೆಗೇ ಬಂತು. ನಾದಿನಿ ಒದ್ದೆ ಬಟ್ಟೆ ಒತ್ತಿ ಹಿಡಿದಳು.

"ಬೋಳಿಮಗ! ಅವನ ಕೈಗೆ ಹುಳ ಬೀಳ!"

"ಬಿಡೇ," ಎಂದಳು ಅತ್ತಿಗೆ. ಅವತ್ತು ಅವಳು ಕುರ್ಚಿಯವನ ದನಿ ತೆಗೆಯಲಿಲ್ಲ.

ಸಮಾರಂಭದ ದಿನ ಒದ್ದೆ ನೆಲದ ಮೇಲೆ ಕೆಂಪು ಜಮಖಾನ ಹಾಸಿದರು. ಅಧಿಕಾರಿ, ಕೋರ್ಸಿನವನು, ಗುತ್ತಿಗೆದಾರ, ಫೋಟೋದವನು ಎಲ್ಲರೂ ಮೆಟ್ಟಿಲಿಳಿದು ಬಂದರು. ಬಾಗಿಲಲ್ಲೇ ಒಬ್ಬ ನರ್ಸು ಅವರನ್ನು ತಡೆದಳು. ರೋಗಿಗಳ ಬಟ್ಟೆಯಿರುವ ಜಾಗ, ಸೋಂಕು ತಗುಲುತ್ತೆ ಎಂದು ಹೊಸ ಡಬ್ಬಿ ಬಿಚ್ಚಿ ಒಬ್ಬೊಬ್ಬರಿಗೂ ರಬ್ಬರ್ ಕೈಗವಸು ಕೊಟ್ಟಳು. ನಮ್ಮ ಲಾಂಡ್ರಿಯೊಳಗೆ ಅಂಥದ್ದೊಂದು ಡಬ್ಬಿಯನ್ನು ನಾವು ಕಂಡದ್ದು ಅದೇ ಮೊದಲು.

ಅಧಿಕಾರಿ ಭಾಷಣ ಮಾಡಿದ. ಈ ಲಾಂಡ್ರಿಯ ತೃಪ್ತಿ ನೂರಕ್ಕೆ ನೂರು ಎಂದ. ಒಂದೇ ಪಾಠವನ್ನು ಬಿಡದೆ ಮತ್ತೆ ಮತ್ತೆ ನೋಡಿದ ಒಬ್ಬ ತಾಯಿ ಇಲ್ಲಿದ್ದಾರೆ, ಇಂಥ ಶ್ರದ್ಧೆ ಕಾಲೇಜಿನ ಮಕ್ಕಳಲ್ಲೂ ಇಲ್ಲ, ಅವರೇ ಈ ವರ್ಷದ ಶ್ರೇಷ್ಠ ಕಲಿಕಾರ್ಥಿ ಎಂದು ಸಾರಿ ಅತ್ತಿಗೆಯನ್ನು ಕರೆದ. ಮೇಸ್ತ್ರಿ ಕೆಮ್ಮಿದ.

ಅತ್ತಿಗೆ ಮುಂದೆ ಹೋಗಿ ನಿಂತಳು. ಹಸಿಗೆನ್ನೆ ದೀಪದ ಬೆಳಕಿಗೆ ಮಿನುಗುತ್ತಿತ್ತು. ಅಧಿಕಾರಿ ಒಮ್ಮೆ ನೋಡಿ, ಫೋಟೋದವನ ಕಡೆ ತಿರುಗಿ, "ಈ ಪಕ್ಕದಿಂದ ತೆಗೀರಿ, ಆ ಪಕ್ಕ ಬೇಡ," ಎಂದ. ಕೈಗವಸಿನ ಕೈ ಚಾಚಿದ.

"ಹೇಳಿಮ್ಮಾ, ಕೋರ್ಸಿಂದ ಏನು ಕಲಿತ್ರಿ?"

ಅತ್ತಿಗೆ ಅವನ ಕೈ ಹಿಡಿದಳು. ಹಿಡಿದವಳು ಬಿಡಲಿಲ್ಲ.

"ಕೈಗೆ ಹಾಕ್ಕೊಳ್ಳೋಕೆ ಇಂಥದ್ದೂ ಇರುತ್ತೆ ಅಂತ ಕಲಿತೆ ಸಾರ್. ಈಗ ತಾನೇ ಕಲಿತೆ."

ಒಂದೊಂದೇ ಬೆರಳು ಬಿಡಿಸಿ ಅವನ ಕೈಗವಸು ಕಳಚಿದಳು. ಇದೂ ಕಾರ್ಯಕ್ರಮದ ಭಾಗವಿರಬೇಕು ಎಂದುಕೊಂಡು ಅವನು ಫೋಟೋಗೆ ನಗುತ್ತ ನಿಂತಿದ್ದ. ಎರಡನೆಯ ಕೈಯೂ ಬರಿದಾದಾಗ ಆ ನಗು ನಿಂತಿತು. ಬ್ಲೀಚಿಂಗ್ ಪುಡಿ ತಿಂದು ಸೀಳಿದ್ದ ತನ್ನ ಕೈಗಳಿಗೆ ಅವನ್ನು ಏರಿಸಿಕೊಂಡು, ನರ್ಸಿನ ಕೈಲಿದ್ದ ಡಬ್ಬಿ ಕಿತ್ತುಕೊಂಡು ನಾದಿನಿಯತ್ತ ಎಸೆದಳು.

"ಹಂಚೇ."

"ನಿನ್ನ ಪಾಸ್ ಹೋಯ್ತು ಕಣೇ, ಹಲ್ಕಟ್ ಮುಂಡೆ!" ಎಂದು ಮೇಸ್ತ್ರಿ ನುಗ್ಗಿ ಬಂದ.

"ಹೋಗ್ಲಿ. ಬಾ, ಇವತ್ತು ನೀನು ಉಜ್ಜು."

ಅತ್ತಿಗೆ ಜಮಖಾನದ ನಡುವೆ ಕಾಲು ಚಾಚಿ ಕೂತಳು. ನಾದಿನಿ ಪಕ್ಕದಲ್ಲಿ ಕೂತಳು. ಅಜ್ಜಿ ಕೂತಳು. ನಾವೆಲ್ಲ ಕೂತೆವು. ಡಬ್ಬಿ ಎಲ್ಲರಿಗೂ ಸಾಲಲಿಲ್ಲ. ಸಿಗದವರು ಬರಿಗೈಯಲ್ಲೇ ಕೂತರು.

ಮೇಲಿನ ವಾರ್ಡುಗಳ ಕೊಳೆಬಟ್ಟೆ ಗೋಡೆಯೊಳಗಿನ ತಗಡಿನ ಕೊಳವೆಯಿಂದ ಕೆಳಗೆ ಬೀಳುತ್ತದೆ. ಆಗಲೇ ಒಂದು ಗಂಟು ಜಾರಿ ಬಂದು, ಅಧಿಕಾರಿಯ ಬೂಟಿನ ಮುಂದೆ ಬಿದ್ದು ಬಿಚ್ಚಿಕೊಂಡಿತು. ಅವನು ಎರಡೂ ಕೈ ಎತ್ತಿಕೊಂಡು ಗೋಡೆಗೆ ಅಂಟಿದ. ಗುತ್ತಿಗೆದಾರ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ನಮ್ಮನ್ನು ನೋಡಿದ.

ಇನ್ನೊಂದು ಗಂಟು ದಡದಡನೆ ಇಳಿಯುವ ಸದ್ದು ಕೇಳಿಸಿತು. ಯಾರೂ ಏಳಲಿಲ್ಲ.