ಒದರುವ ಡಬ್ಬಿ

ದಸರೆಯ ಖಂಡೆ ಪೂಜೆಯೆಂದರೆ ಗುರುಬಾಯಿಗೆ ಅರೆಬರೆ ಕೆಲಸ ಆಗಿಬರುತ್ತಿರಲಿಲ್ಲ. ಕುಡಗೋಲಿರಲಿ, ಈಳಿಗೆಯಿರಲಿ, ಹೊದಿಕೆ ಬಿಚ್ಚಿ ಬರಿಮೈಯಲ್ಲಿಟ್ಟೇ ಕುಂಕುಮ ಹಚ್ಚಬೇಕು. ಮುಸುಕು ಹಾಕಿದ್ದಕ್ಕೆ ಮಾಡಿದ ಪೂಜೆ ಯಾವ ದೇವರಿಗೆ ಮುಟ್ಟೀತು? ಹಾಗಾಗಿ ಮಗಳು ಸೋನಾಲಿ ಪಿಎಚ್‌ಡಿ ಮಾಡುವ ಮುಂಬೈಯ ವಿಲೆ ಪಾರ್ಲೆಯ ಲ್ಯಾಬಿಗೆ ಪೂಜೆಗೆಂದು ಬಂದವಳು, ಮೇಜಿನ ಮೇಲೆ ಫಾಯಿಲ್ ಸುತ್ತಿಟ್ಟ ಪುಟ್ಟ ಶೀಸೆ ಕಂಡದ್ದೇ ಸರ್ರನೆ ಸುತ್ತು ಬಿಚ್ಚಿ, ಕಿಟಕಿಯ ಬಿಸಿಲಿಗೆ ಹಿಡಿದು ಕುಂಕುಮ ಇಟ್ಟಳು.

“ಅವ್ವಾ, ಅದಕ್ಕ ಬೆಳಕು ತಾಗಬಾರದಿತ್ತು. ಎಲ್ಲಾ ಹೋತು,” ಎನ್ನುತ್ತ ಸೋನಾಲಿ ಓಡಿಬಂದಳು.

ಅವಳ ಗೈಡ್ ಶ್ರೀಶೈಲ ಸರ್ ವಿಜಯಪುರದ ಕಡೆಯವರು. ನಕ್ಕುಬಿಟ್ಟರು. “ಇರಲಿ ಬಿಡವಾ, ಮತ್ತ ಮಾಡಿದ್ರಾತು. ಅವ್ವಾರ, ಇದು ಔಷಧದ ಪ್ರಯೋಗ. ಇದರಾಗ ಮ್ಯಾಂಗನೀಸ್ ಅನ್ನೋ ಲೋಹ ಒಂದು ಗ್ಯಾಸನ್ನ ಬಿಗಿಯಾಗಿ ಹಿಡಕೊಂಡಿರ್ತದ. ಬೆಳಕು ಬಿದ್ರ ಬಿಟ್ಟುಬಿಡ್ತದ. ಬಾವು ಬಂದಲ್ಲಿ ಅಷ್ಟೇ ಬೆಳಕು ಹಾಕಿ, ಅಲ್ಲೇ ಚೂರು ಗ್ಯಾಸ್ ಬಿಡಿಸಿದ್ರ ಬಾವು ಇಳೀತದೇನು ಅಂತ ನೋಡಾಕತ್ತೀವಿ. ಮನಷ್ಯಾರಿಗೆ ಇನ್ನೂ ಕೊಟ್ಟಿಲ್ಲ.”

“ಯಾವ ಗ್ಯಾಸ್ರಿ?”

ಸೋನಾಲಿ ಬೇಡವೆಂದು ಕಣ್ಸನ್ನೆ ಮಾಡಿದಳು. ಸರ್‌ಗೆ ಅದು ಕಾಣಲಿಲ್ಲ. “ಕಾರ್ಬನ್ ಮೊನಾಕ್ಸೈಡ್.”

ಎಬಿಸಿಡಿ ಬಾರದ ಗುರುಬಾಯಿಗೆ ಆ ಎರಡು ಶಬ್ದ ಮಾತ್ರ ಬಾಯಿಪಾಠ. ಹೋದ ವರ್ಷ ಮುಲುಂಡ್‌ನ ಬಾಡಿಗೆ ಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದ ಮಗ ಶಿವಪುತ್ರ ಬಚ್ಚಲಿಂದ ಹೊರಗೆ ಬರಲಿಲ್ಲ. ಡಾಕ್ಟರರೂ ಪೊಲೀಸರೂ ಅದೇ ಹೆಸರು ಹೇಳಿದ್ದರು. ವಾಸನೆ ಇಲ್ಲ, ಬಣ್ಣ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದಿದ್ದರು.

ಗುರುಬಾಯಿ ಮಗಳ ರಟ್ಟೆ ಹಿಡಿದೆಳೆದಳು. “ನಿನ್ನ ತಮ್ಮನ್ನ ನುಂಗಿದ್ದನ್ನ ಬಾಟ್ಲ್ಯಾಗ ಹಾಕಿ ಸಾಕಾಕತ್ತೀಯೇನ? ನಾಳಿಂದ ಇಲ್ಲಿ ಕಾಲಿಟ್ರ ನೋಡು. ನಡಿ ಮನಿಗೆ.”

“ಅವ್ವಾ, ಅಳತಿ ಮೀರಿದ್ರ ವಿಷ, ಅಳತ್ಯಾಗಿದ್ರ...”

“ಸುಡು ನಿನ್ನ ಅಳತಿ.”

ಸರ್ ಗಾಬರಿಯಾದರು. “ಹೆದರಬ್ಯಾಡ್ರಿ, ಮಗಳಿಗೆ ಏನೂ ಆಗೂದಿಲ್ಲ,” ಎಂದು ಗೋಡೆಯ ಬಿಳಿ ಡಬ್ಬಿಯ ಗುಂಡಿ ಒತ್ತಿದರು. ಅದು ಕಿವಿ ಹರಿಯುವಂತೆ ಒದರಿತು. “ಗಾಳ್ಯಾಗ ಆ ಗ್ಯಾಸು ಜಾಸ್ತಿ ಆತಂದ್ರ ಹಿಂಗ ಒದರ್ತದ. ಎಲ್ಲಾರೂ ಹೊರಗ ಓಡ್ತೀವಿ.”

ಗುರುಬಾಯಿ ಡಬ್ಬಿಯನ್ನೇ ನೋಡಿದಳು. “ಭಾಳ ತುಟ್ಟಿ ಇರಬೇಕು.”

“ಏನಿಲ್ಲರಿ. ಮಿಕ್ಸರಿಗಿಂತ ಅಗ್ಗ.”

“ಯಾವಾಗಿಂದ ಐತಿ?”

“ಸೋನಾಲಿ ಸೇರಿದಾಗಿಂದ. ನಾಕು ವರ್ಷಾತು. ಆಕೀನೇ ಗ್ವಾಡಿಗೆ ಹಚ್ಚಿದ್ದು.”

ಗುರುಬಾಯಿ ಮಗಳ ಕಡೆ ತಿರುಗಿದಳು. ದನಿ ಏರಲಿಲ್ಲ, ಇಳಿಯಿತು. “ನಿನಗ ಗೊತ್ತಿತ್ತು. ಊರಿಗೆಲ್ಲಾ ಗೊತ್ತಿಲ್ಲದ್ದು ನಿನಗ ಗೊತ್ತಿತ್ತು. ಇಲ್ಲಿ ನಿನ್ನ ತಲಿ ಮ್ಯಾಲ ಡಬ್ಬಿ. ಅಲ್ಲಿ ಕಿಟಕಿ ಇಲ್ಲದ ಬಚ್ಚಲದಾಗ ಅವ.”

“ಇಲ್ಲಿ ಅದು ಕೆಲಸ ಅವ್ವಾ,” ಎಂದಳು ಸೋನಾಲಿ. “ಮನ್ಯಾಗ ಗೀಸರ್ ಅಂದ್ರ ಬಿಸಿನೀರಷ್ಟೇ ಅಂದ್ಕೊಂಡೆ. ಹೊಳೀಲೇ ಇಲ್ಲ.”

ಹೊಡೆಯಲು ಎತ್ತಿದ ಕೈಯನ್ನು ಗುರುಬಾಯಿ ಇಳಿಸಿದಳು. ಹೊಡೆದರೆ ಸಿಟ್ಟು ತೀರಿಹೋದೀತು, ಅದು ಅವಳಿಗೆ ಬೇಡವಾಗಿತ್ತು.

“ಮುಲುಂಡದ ಆ ಮನ್ಯಾಗ ಈಗ ನಮ್ಮೂರ ಪೂವಪ್ಪನ ಸೊಸಿ ಹಸಗೂಸು ಕಟ್ಕೊಂಡು ಅದಾಳ. ಅದೇ ಗೀಸರು, ಅದೇ ಬಚ್ಚಲ. ಆ ಡಬ್ಬಿ ಬಿಚ್ಚು, ಈಗೇ ಹೋಗಿ ಅಲ್ಲಿ ಹಚ್ಚು.”

“ನಾಳೆ ಹೊಸದು ತರಿಸೋಣ್ರಿ,” ಎಂದರು ಸರ್.

“ನಾಳಿ ಮುಂಜಾನೆದ್ದು ಆಕಿ ಜಳಕಾ ಮಾಡೂದಿಲ್ಲೇನ್ರಿ? ಇವತ್ತ ನಿಮ್ಮ ಲ್ಯಾಬಿಗೆ ಬೀಗ ಹಾಕ್ರಿ.”

ಸರ್ ಲ್ಯಾಬಿನ ಬೀಗ ಕೈಗೆತ್ತಿಕೊಂಡರು. ಸೋನಾಲಿ ಸ್ಟೂಲ್ ಎಳೆದು ಹತ್ತಿ ಸ್ಕ್ರೂ ಬಿಚ್ಚತೊಡಗಿದಳು. ಸ್ಟೂಲ್ ಅಲುಗಾಡುತ್ತಿತ್ತು. ಗುರುಬಾಯಿ ಪಕ್ಕದಲ್ಲೇ ನಿಂತಿದ್ದಳು, ಸ್ಟೂಲ್ ಹಿಡಿಯಲಿಲ್ಲ.