ಸೋಪಿನ ಕೈ

ಗೋಡೆಯ ಪ್ಲಗ್ಗಿಗೆ ಮೇಷ್ಟ್ರ ಹೆಂಡತಿ ಕೈ ಹಾಕಿದ್ದೇ ತಡ, ಮೇಷ್ಟ್ರ ಅಕ್ಕ ಕುರ್ಚಿಯಿಂದ ಎದ್ದು ನಿಂತಳು.

"ಅದನ್ನ ಕೀಳಬೇಡ. ನನ್ನ ತಮ್ಮನ ಮೀನು ಸಾಯ್ತವೆ."

"ಈ ಪೆಟ್ಟಿಗೆಗೆ ಕರೆಂಟು ಬೇಡ್ವಾ ಅತ್ತಿಗೆ? ಹಾಲ್‌ನಲ್ಲಿ ಕೆಲಸ ಮಾಡೋದು ಇದೊಂದೇ ಪಾಯಿಂಟು."

ಪೆಟ್ಟಿಗೆ ಎಂದರೆ ಆಸ್ಪತ್ರೆಯಿಂದ ಬಾಡಿಗೆಗೆ ತಂದ ಫ್ರೀಜರ್ ಬಾಕ್ಸ್. ಅದರ ಗಾಜಿನ ಮುಚ್ಚಳದ ಕೆಳಗೆ ಡ್ರೈವಿಂಗ್ ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ಮಲಗಿದ್ದರು. ಪಕ್ಕದ ಸ್ಟ್ಯಾಂಡಿನ ಮೇಲೆ ಇನ್ನೊಂದು ಗಾಜಿನ ಪೆಟ್ಟಿಗೆ, ಅವರ ಉಪ್ಪುನೀರಿನ ತೊಟ್ಟಿ. ಅದರೊಳಗೆ ಎರಡು ಕಿತ್ತಳೆ ಬಣ್ಣದ ಮೀನು, ತೂತು ತೂತಿನ ಕಲ್ಲು, ಕಲ್ಲಿಗೆ ಅಂಟಿಕೊಂಡ ಹವಳ. ಹಾಲ್‌ನ ಉಳಿದ ಪಾಯಿಂಟುಗಳು ಸತ್ತು ವರ್ಷಗಳಾಗಿದ್ದವು. ನಾಳೆ ಸರಿಮಾಡಿಸುತ್ತೇನೆ ಎಂದು ಮೇಷ್ಟ್ರು ಹೇಳುತ್ತಲೇ ಇದ್ದರು.

ಹೆಂಡತಿ ಪ್ಲಗ್ಗು ಕಿತ್ತಳು. ತೊಟ್ಟಿಯ ಪಂಪು ನಿಂತಿತು, ಮೇಷ್ಟ್ರ ಪೆಟ್ಟಿಗೆ ಗುಂಯ್ ಎನ್ನತೊಡಗಿತು.

"ನೋಡಿದ್ರಾ?" ಅಕ್ಕ ಬಂದವರ ಕಡೆ ತಿರುಗಿದಳು. "ಇನ್ನೂ ಹೆಣ ಎತ್ತಿಲ್ಲ, ಸೋಪಿನ ಕೈ ಶುರು ಹಚ್ಕೊಳ್ತು."

ಕುರ್ಚಿಗಳ ಸಾಲಿನಲ್ಲಿ ಯಾರೋ ನಗು ತಡೆದುಕೊಂಡರು. ಸಾವಿನ ಮನೆಯಲ್ಲೂ ನಗು ಬರಿಸುವಷ್ಟು ಹಳೆಯ ಜೋಕು ಅದು. ಮಗಳು ಮಾತ್ರ ಮೂಲೆಗೆ ಹೋಗಿ ಅಕ್ವೇರಿಯಂ ಅಂಗಡಿಯವನಿಗೆ ಫೋನು ಮಾಡಿ, ಬ್ಯಾಟರಿ ಪಂಪಿದ್ದರೆ ತಗೊಂಡು ಬನ್ನಿ, ಬೇಗ ಬನ್ನಿ ಎಂದಳು. ಅಪ್ಪ ಸತ್ತ ಸುದ್ದಿಯನ್ನು ಅವಳು ಕೊನೆಗೆ ಸೇರಿಸಿದಳು.

*

ಮೇಷ್ಟ್ರು ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ಕಲಿಸುವ ಕಾರಿನಲ್ಲಿ ಅವರ ಕಾಲ ಕೆಳಗೂ ಒಂದು ಬ್ರೇಕು ಇರುತ್ತಿತ್ತು. ಅದೆಷ್ಟು ಅಭ್ಯಾಸವಾಗಿತ್ತೆಂದರೆ ಮನೆಯಲ್ಲಿ ಹೆಂಡತಿ ಮಾತು ತೆಗೆದರೂ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅವಳ ಮಾತು ನಿಂತೂ ಬಿಡುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಕೆಟ್ಟವರೇನಲ್ಲ, ಆದರೆ ಅವರು ತಪ್ಪು ಮಾಡಿದ್ದನ್ನು ಕಂಡವರು ಯಾರೂ ಇರಲಿಲ್ಲ.

ಒಮ್ಮೆ ಹಲ್ಲುನೋವೆಂದು ಡಾಕ್ಟರ ಹತ್ತಿರ ಹೋದವರು ಅಲ್ಲಿ ಇಟ್ಟಿದ್ದ ಉಪ್ಪುನೀರಿನ ತೊಟ್ಟಿ ನೋಡುತ್ತ ಹಲ್ಲನ್ನೇ ಮರೆತರು. ಮುಂದಿನ ವಾರ ಮನೆಗೂ ಒಂದು ಸಣ್ಣ ತೊಟ್ಟಿ ಬಂತು. ಮರಳು ಹರಡಿದರು, ಕಲ್ಲು ಜೋಡಿಸಿದರು. ಬಕೆಟ್ಟಿನಲ್ಲಿ ನೀರಿಗೆ ಸಮುದ್ರದ ಉಪ್ಪಿನ ಪುಡಿ ಸುರಿದರು. ಅದು ಕರಗುವ ತನಕ ಕೋಲಾಡಿಸಿ ಕೈಸೋತವಳು ಹೆಂಡತಿ.

ನೀರು ಹದಕ್ಕೆ ಬರಬೇಕು, ಅಲ್ಲಿಯವರೆಗೆ ಮೀನು ಬಿಡಕೂಡದು ಎಂದು ಅಂಗಡಿಯವನು ಹೇಳಿದ್ದ. ವಾರಗಟ್ಟಲೆ ಬರೀ ಕಲ್ಲು, ಬರೀ ನೀರು. ಬಂದವರು, "ಏನು ಮೇಷ್ಟ್ರೇ, ಕಲ್ಲು ಸಾಕಿದ್ದೀರಾ? ಊಟಕ್ಕೆ ಏನು ಹಾಕ್ತೀರಿ?" ಎಂದು ಕಾಲೆಳೆಯುತ್ತಿದ್ದರು. ಹೆಂಡತಿ ನಗುತ್ತಿದ್ದಳು. ಮೇಷ್ಟ್ರು ನಗುತ್ತಿರಲಿಲ್ಲ.

ಕೊನೆಗೂ ಬಿಳಿ ಪಟ್ಟೆಯ ಎರಡು ಮೀನು ಬಂದವು. ಅಂಗಿಯ ಗುಂಡಿಯಷ್ಟು ಅಗಲದ ಹವಳಗಳೂ ಬಂದವು. ಲೈಟು ಹಾಕಿದರೆ ಅವು ಅರಳುತ್ತಿದ್ದವು. ಹೆಂಡತಿಯ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ, ಬೆಳಗಿನಿಂದ ಸಂಜೆಯವರೆಗೆ ಜನರ ರಕ್ತ ಕೀವು ಮೆತ್ತಿದ ಹಾಸಿಗೆ ಬಟ್ಟೆ. ಮನೆಗೆ ಬಂದವಳು ಹೆಗಲ ಚೀಲವನ್ನೂ ಇಳಿಸದೆ ತೊಟ್ಟಿಯ ಮುಂದೆ ನೆಲಕ್ಕೆ ಕೂತುಬಿಡುತ್ತಿದ್ದಳು. ಖುಷಿಯಾಗುತ್ತಿತ್ತು ಅವಳಿಗೆ. ಅದಕ್ಕೆ ಕಾರಣ ಬೇಕಿರಲಿಲ್ಲ.

ದಿನವೂ ನೀರು ಒಂದಿಷ್ಟು ಇಂಗುತ್ತಿತ್ತು. ಅದನ್ನು ತುಂಬುವ ಕೆಲಸ ಮಾತ್ರ ಮೇಷ್ಟ್ರು ಯಾರಿಗೂ ಬಿಟ್ಟುಕೊಡಲಿಲ್ಲ. ಬರಬರುತ್ತ ಹವಳಗಳು ಮುದುಡಿದವು. ಒಂದು ಬೆಳಿಗ್ಗೆ ಎರಡೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ನಿನ್ನ ಸೋಪಿನ ಕೈ," ಎಂದರು ಮೇಷ್ಟ್ರು. "ಲಾಂಡ್ರಿ ಸೋಪೆಲ್ಲ ಬಕೆಟ್ಟಿಗೆ ಹತ್ತಿದೆ. ಕೊಂದುಬಿಟ್ಟೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೆ ಈ ಎಮ್ಮೆ ಬರೆಯನ್ನು ನಂಬಿತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು, ಅಂಗೈ ಮೂಸಿ ನೋಡಿದಳು, ಸೋಪಿನ ವಾಸನೆ ಇತ್ತು. ಇರದೆ ಏನು. ಹೊಸ ಮೀನು ಬಂದ ಮೇಲೆ ಮೇಷ್ಟ್ರು ತೊಟ್ಟಿಯ ಸುತ್ತ ನೆಲಕ್ಕೆ ಟೇಪು ಅಂಟಿಸಿದರು. ಅವಳು ಟೇಪಿನಿಂದಾಚೆ ನಿಂತೇ ಗುಡಿಸಿದಳು. ಸಂಜೆ ಬಂದು ಕೂರುವುದನ್ನೂ ಬಿಟ್ಟಳು.

ಮಾತು ಮನೆ ದಾಟಿತು. ಹಾಲು ಒಡೆದರೆ ಸೋಪಿನ ಕೈ. ಲೋಟ ಬಿದ್ದರೆ ಸೋಪಿನ ಕೈ. ಮೇಷ್ಟ್ರ ಅಕ್ಕ ಅವಳನ್ನು ಹೆಸರು ಹಿಡಿದು ಕರೆಯುವುದನ್ನೇ ನಿಲ್ಲಿಸಿದಳು. ಮಗಳೂ, "ಅಮ್ಮಾ, ನನ್ನ ಗಿಡ ಮುಟ್ಟಬೇಡ, ನಿಂದು ಸೋಪಿನ ಕೈ," ಎಂದು ನಗುತ್ತಿದ್ದಳು.

*

ಅಂಗಡಿಯವನು ಏದುಸಿರು ಬಿಡುತ್ತ ಬಂದ. ಪೆಟ್ಟಿಗೆಗೆ ಕೈಮುಗಿದು, ತೊಟ್ಟಿಗೆ ಬ್ಯಾಟರಿ ಪಂಪಿನ ಕೊಳವೆ ಇಳಿಸಿದ. ಗುಳ್ಳೆ ಎದ್ದಿತು.

"ನೀರು ಇಂಗಿದೆ," ಎಂದ. "ಕುಡಿಯೋ ನೀರಿನ ಕ್ಯಾನಿಂದ ಒಂದು ಜಗ್ಗು ಕೊಡಿ ಅಮ್ಮಾ. ಉಪ್ಪು ಕಲಸಬೇಡಿ ಮತ್ತೆ."

"ಇದು ಉಪ್ಪುನೀರಿನ ತೊಟ್ಟಿ ಅಲ್ವಾ?" ಎಂದಳು ಹೆಂಡತಿ.

"ನೀರು ಆರುತ್ತೆ, ಉಪ್ಪು ಒಳಗೇ ಉಳಿಯುತ್ತೆ. ಇಂಗಿದ್ದಕ್ಕೆ ಬರೀ ನೀರೇ ಹಾಕಬೇಕು. ಮೊದಲನೇ ಸಲ ಸರ್ ಎಡವಿದ್ದು ಅಲ್ಲೇ ಅಲ್ವಾ? ದಿನಾ ಉಪ್ಪುನೀರೇ ತುಂಬಿದ್ರು. ನಾನು ಟೆಸ್ಟ್ ಮಾಡಿದಾಗ ಮೀನು ಉಪ್ಪಿನಕಾಯಿ ಆಗೋದೊಂದೇ ಬಾಕಿ ಇತ್ತು."

"ಸೋಪು?"

"ಯಾವ ಸೋಪು?"



"ಅವರಿಗೆ ಹೇಳಿದ್ಯಾ ಇದನ್ನ?" ಹೆಂಡತಿಯ ದನಿ ಸಣ್ಣಗಿತ್ತು.

"ಹೇಳದೇ ಇರ್ತೀನಾ? ಮೀನು ಸತ್ತ ವಾರಾನೇ ನೀರು ತಂದು ಪರೀಕ್ಷೆ ಮಾಡಿಸಿದ್ರು. ಕೇಳಿ ಜೋರಾಗಿ ನಕ್ಕರು. ಮನೇಲಿ ಹೇಳಬೇಡ ಮಾರಾಯ ಅಂದ್ರು. ಈ ಅಮ್ಮಾವ್ರೂ ಜೊತೆಗಿದ್ರಲ್ಲ ಅವತ್ತು." ಅವನು ಮೇಷ್ಟ್ರ ಅಕ್ಕನ ಕಡೆ ನೋಡಿದ. ಆಮೇಲೆ ಎಲ್ಲರ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಅಕ್ಕ ಸೆರಗು ಸರಿಮಾಡಿಕೊಂಡಳು. "ಈಗ್ಯಾಕೆ ಆ ಮಾತು. ಎರಡು ಮೀನಿನ ವಿಷಯ. ಮಲಗಿರೋನ ಮುಂದೆ ಲೆಕ್ಕ ತೆಗೀತೀಯಾ?"

"ಎರಡೇ ಮೀನು ಅತ್ತಿಗೆ," ಎಂದಳು ಹೆಂಡತಿ. "ಅದಕ್ಕೆ ಇಷ್ಟು ವರ್ಷ ನನ್ನ ಆಡ್ಕೊಂಡು ನಕ್ಕರಲ್ಲ. ನೀವು ಗೊತ್ತಿದ್ದೂ ನಕ್ಕಿರಿ."

"ಗಂಡಸು, ನಾಲ್ಕು ಜನಕ್ಕೆ ಕಲಿಸೋನು. ಅವನ ಮರ್ಯಾದೆ ನಾನು ಕಾಪಾಡದೆ ಯಾರು ಕಾಪಾಡ್ಬೇಕು?"

"ನನ್ನದು?"

ಹೆಂಡತಿ ಪೆಟ್ಟಿಗೆಯ ಹತ್ತಿರ ಹೋಗಿ ಗಾಜಿನೊಳಗೆ ನೋಡಿದಳು. ಹೊಡೆಯಬೇಕು ಎನಿಸಿತು ಅವಳಿಗೆ. ಸತ್ತವರನ್ನು ಹೊಡೆಯಲಿಕ್ಕಾಗುವುದಿಲ್ಲ ಎನ್ನುವುದು ಸತ್ತವರಿಗೆ ಸಿಗುವ ದೊಡ್ಡ ಅನುಕೂಲ.

*

ಮಧ್ಯಾಹ್ನ ವ್ಯಾನು ಬಂತು. ಮೇಷ್ಟ್ರನ್ನು ಒಳಗೆ ಮಲಗಿಸಿ ಹೂವಿಟ್ಟರು. ಬೀದಿಯಲ್ಲಿ ಹಳೆಯ ಶಿಷ್ಯರು, ಅಕ್ಕಪಕ್ಕದವರು, ಲಾಂಡ್ರಿಯ ಹೆಂಗಸರು ನಿಂತಿದ್ದರು. ಡ್ರೈವರು ಹಿಂಬಾಗಿಲು ಮುಚ್ಚಲು ಬಂದಾಗ ಹೆಂಡತಿ ಬಾಗಿಲು ಹಿಡಿದುಕೊಂಡಳು.

"ಅಮ್ಮಾ, ಹೊತ್ತಾಗುತ್ತೆ."

"ಅತ್ತಿಗೆಯವರು ಒಂದು ಮಾತು ಹೇಳೋದಿದೆ. ಹೇಳಲಿ, ಆಮೇಲೆ ಹೊರಡಿ."

ಅಕ್ಕನ ಮುಖ ಕೆಂಪಾಯಿತು. "ಬೀದೀಲಿ ಮಾನ ಕಳೀಬೇಡ. ಕೈ ಬಿಡು."

"ನನ್ನ ಮಾನ ನೀವು ಬೀದೀಲೇ ಕಳೆದಿದ್ದು."

ಯಾರೋ ಸಮಾಧಾನ ಮಾಡಲು ಬಂದರು. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ. ಬಿಸಿಲು ಸುಡುತ್ತಿತ್ತು. ಅಕ್ಕ ಆಚೀಚೆ ನೋಡಿದಳು. ಯಾರೂ ಅವಳ ಪರ ಬಾಯಿ ಬಿಡಲಿಲ್ಲ. ಕೊನೆಗೆ ಮೇಷ್ಟ್ರ ಪಾದಗಳ ಕಡೆ ನೋಡುತ್ತ ತುಟಿಯೊಳಗೇ ಏನೋ ಗೊಣಗಿದಳು.

"ಕೇಳಿಸಲಿಲ್ಲ ಅತ್ತೆ." ಹಾಗೆಂದವಳು ಮಗಳು. ಅಮ್ಮನ ಪಕ್ಕಕ್ಕೆ ಬಂದು ಅವಳೂ ಬಾಗಿಲು ಹಿಡಿದಿದ್ದಳು.

"ಮೀನು ಸತ್ತಿದ್ದು ನನ್ನ ತಮ್ಮನಿಂದ," ಎಂದಳು ಅಕ್ಕ, ಈಗ ಬೀದಿಗೆಲ್ಲ ಕೇಳುವಂತೆ. "ಇವಳು ಏನೂ ಮಾಡಿರಲಿಲ್ಲ. ನನಗೆ ಗೊತ್ತಿತ್ತು. ಸಾಕಾ?"

ಸಾಕು ಎಂದು ಹೆಂಡತಿ ಹೇಳಲಿಲ್ಲ. ಬಾಗಿಲು ಬಿಟ್ಟು, "ಇರಿ, ಬಂದೆ," ಎಂದು ಒಳಗೆ ನಡೆದಳು.

ಅಂಗಡಿಯವನು ತೊಟ್ಟಿಯ ಪ್ಲಗ್ಗು ಮತ್ತೆ ಹಾಕಿ ಮಂಡಿಯೂರಿ ಕೂತಿದ್ದ. ಮೇಷ್ಟ್ರ ಪೆಟ್ಟಿಗೆ ಎತ್ತುವಾಗ ಯಾರದೋ ಸೊಂಟ ತೊಟ್ಟಿಗೆ ತಾಗಿ ಒಂದು ಕಲ್ಲು ಮಗುಚಿತ್ತು, ಹವಳ ಕೆಳಮುಖವಾಗಿ ಮರಳಿನಲ್ಲಿ ಹುದುಗಿತ್ತು.

"ಏಳು, ನಾನು ಎತ್ತುತೀನಿ," ಎಂದಳು.

ಬಳೆ ಮೇಲಕ್ಕೇರಿಸಿ ಮೊಣಕೈವರೆಗೆ ಕೈ ಇಳಿಸಿದಳು. ನೀರು ಅವಳು ಅಂದುಕೊಂಡದ್ದಕ್ಕಿಂತ ಬೆಚ್ಚಗಿತ್ತು. ದೊಡ್ಡ ಮೀನು ಕಲ್ಲಿನ ಹಿಂದಿನಿಂದ ನುಗ್ಗಿ ಬಂದು ಅವಳ ಬೆರಳಿನ ಗಿಣ್ಣಿಗೆ ಕಚ್ಚಿತು. ಹಿಂದೆ ಸರಿದು ಮತ್ತೆ ಬಂದು ಕಚ್ಚಿತು.

"ಅದರ ಜಾಗ ಅಂತ ಅದಕ್ಕೆ ಸಿಟ್ಟು," ಎಂದ ಅಂಗಡಿಯವನು. "ಕೈ ತೆಗೀರಿ ಅಮ್ಮಾ."

ಹೊರಗೆ ವ್ಯಾನು ಹಾರ್ನ್ ಹೊಡೆಯಿತು. ಮೀನು ಮೂರನೇ ಸಲ ಬಂತು. ಅವಳು ಕೈ ತೆಗೆಯಲಿಲ್ಲ. ಕಲ್ಲನ್ನು ಮರಳಿನಿಂದ ನಿಧಾನ ಬಿಡಿಸಿ, ಹವಳದ ಮುಖ ಬೆಳಕಿಗೆ ಬರುವಂತೆ ತಿರುಗಿಸುತ್ತಿದ್ದಳು.