ಇಳಿಜಾರಿನ ತಲೆಯ ಬೋರ್ಡು

ಸೈಕಲ್ ಟ್ಯೂಬನ್ನು ನೀರಿನ ಬೇಸಿನ್ನಿನಲ್ಲಿ ಮುಳುಗಿಸಿ, ಗೇಣುಗೇಣಾಗಿ ಸರಿಸುತ್ತ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದೆ. ಅಷ್ಟರಲ್ಲಿ ನಮ್ಮ ಯಜಮಾನರು ಒಂದು ಕವರನ್ನು ತಂದು ಬೆಂಚಿನ ಮೇಲೆ ಇಟ್ಟರು.

"ನಿನ್ನ ನರ್ಸಮ್ಮಂದು. ಮುಂದಿನ ವಾರ ಅವಳೇ ಬರ್ಬೇಕಿತ್ತು, ಕಾಗದ ಬಂದಿದೆ."

"ಒಡೆದು ಓದಿದ್ರಾ?"

"ನಿನ್ನ ಹೆಸರಿಗೆ ಬಂದಿದ್ದು ನಾನ್ಯಾಕೆ ಓದ್ಲಿ? ಈಗ ನೀನೇ ಓದು ಕಲಿತೋಳು."

ನಾವು ಸೈಕಲ್ ಬಾಡಿಗೆಗೆ ಕೊಡುವವರು. ಅಂಗಡಿಯ ಮುಂದಿನಿಂದ ಹೊರಡುವ ದಾರಿ ಬೋಳು ದಿಣ್ಣೆಗಳ ಬಯಲು ಹಾಯ್ದು, ಸದ್ದುಗದ್ದಲವಿಲ್ಲದ ಮೂರು ಹಳ್ಳಿಗಳನ್ನು ಮುಟ್ಟಿ, ಮತ್ತೆ ಅಂಗಡಿಯ ಮುಂದಕ್ಕೇ ಬರುತ್ತದೆ. ಇಪ್ಪತ್ತೆಂಟು ಕಿಲೋಮೀಟರಿನ ಸುತ್ತು. ನೋಡಲು ಚೆಂದ ಎಂದು ಎಲ್ಲಿಂದಲೋ ಜನ ಬರುತ್ತಾರೆ. ದಾರಿಯ ಬೋರ್ಡುಗಳನ್ನು ನೋಡಿಕೊಳ್ಳುವ ಕೆಲಸವೂ ಯಜಮಾನರದೇ.

ನರ್ಸಮ್ಮನ ತಮ್ಮ ಈ ಸುತ್ತಿನಲ್ಲೇ ಸತ್ತವನು. ಇಪ್ಪತ್ತೆರಡು ವಯಸ್ಸು. ಎರಡನೆಯ ಹಳ್ಳಿ ದಾಟಿದ ಮೇಲೆ ಬರುವ ದೊಡ್ಡ ಇಳಿಜಾರಿನಲ್ಲಿ ಸೈಕಲ್ಲಿನಿಂದ ಇಳಿಯದೆ, ನಿಲ್ಲದೆ ಹೋಗಿ, ತಿರುವಿನ ಕಲ್ಲುಗೋಡೆಗೆ ಬಡಿದ. ಅಂದಿನಿಂದ ಪ್ರತಿ ವರ್ಷ ಅದೇ ದಿನ ಅವಳು ಬಂದು ನನ್ನ ಕೈಯಿಂದ ಸೈಕಲ್ ಪಡೆದು ಆ ಸುತ್ತು ಹೊಡೆಯುತ್ತಿದ್ದಳು. ಇಳಿಜಾರಿನ ತಲೆಯಲ್ಲಿ ಇಳಿದು ಎಚ್ಚರಿಕೆಯ ಬೋರ್ಡಿನ ಮುಂದೆ ನಿಲ್ಲುತ್ತಿದ್ದಳು. "ಅಷ್ಟು ದಪ್ಪ ಅಕ್ಷರ, ಅಕ್ಕ. ಅವನಿಗೆ ಯಾಕೆ ಕಾಣ್ಲಿಲ್ಲ?" ಎಂದು ಅಂಗಡಿಗೆ ಮರಳಿದ ಮೇಲೆ ಕೇಳುತ್ತಿದ್ದಳು. ನಾನು ಅವಳಿಗೆ ಕುಡಿಯಲು ನೀರು ಕೊಡುತ್ತಿದ್ದೆ.

ಕೈ ಒರೆಸಿಕೊಂಡು ಕಾಗದ ಬಿಚ್ಚಿದೆ.

'ಅಕ್ಕ, ಮೊಣಕಾಲು ಕೈಕೊಟ್ಟಿವೆ, ನಗಬೇಡಿ. ಇನ್ನು ಬರಲಾರೆ. ಹತ್ತೊಂಬತ್ತು ವರ್ಷ ಕೇಳಿದ್ದಕ್ಕೆ ಉತ್ತರ ಸಿಕ್ಕಿತು ಎಂದುಕೊಂಡಿದ್ದೇನೆ. ಆ ಬೆಳಿಗ್ಗೆ ಜಗಳದಲ್ಲಿ ನಾನು ಅವನಿಗೆ, ನೀನು ಇದ್ದರೆಷ್ಟು ಹೋದರೆಷ್ಟು, ಎಂದಿದ್ದೆ. ಬೋರ್ಡು ಇತ್ತು. ಅವನು ಓದಿದ. ಓದಿಯೂ ಇಳಿಯಲಿಲ್ಲ. ಬೇಕೆಂದೇ ಹೋದ. ಅವನನ್ನು ಕಳಿಸಿದವಳು ನಾನೇ.'

ಮುಳುಗಿಸಿದ ಟ್ಯೂಬು ತಾನಾಗಿ ಮೇಲೆದ್ದು ತೇಲುತ್ತಿತ್ತು.

ನರ್ಸಮ್ಮನ ತಮ್ಮ ಸತ್ತ ವರ್ಷ ಹೊಸದಾಗಿ ಬರೆಸಿದ ಎರಡು ಬೋರ್ಡು ಬಂದಿದ್ದವು. ಯಜಮಾನರು ಜ್ವರದಿಂದ ಮಲಗಿದ್ದರು. "ಮೇಲಿರೋದು ಇಳಿಜಾರಿನ ತಲೆಗೆ, ಕೆಳಗಿರೋದು ತಿರುವಿನ ಆಚೆ ನಲ್ಲಿ ಹತ್ರಕ್ಕೆ" ಎಂದು ಹೇಳಿ ಸೈಕಲ್ಲಿಗೆ ಕಟ್ಟಿ ಕೊಟ್ಟರು. ಬಯಲಿನ ಗಾಳಿಗೆ ಸೈಕಲ್ ಒಮ್ಮೆ ಮಗುಚಿ ಕಟ್ಟು ಬಿಚ್ಚಿಹೋಯಿತು. ಎತ್ತಿ ಕಟ್ಟುವಾಗ ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಎಂಬುದೇ ತಪ್ಪಿತು. ಎರಡೂ ಒಂದೇ ಅಳತೆ, ಒಂದೇ ಬಣ್ಣ. ಎರಡನೆಯ ಹಳ್ಳಿಯಲ್ಲಿ ಇಬ್ಬರು ಬೆಂಚಿನ ಮೇಲೆ ಕೂತಿದ್ದರು. ಕೇಳಬಹುದಿತ್ತು. ಕೇಳಿದರೆ ನನಗೆ ಓದು ಬಾರದೆಂದು ಗೊತ್ತಾಗುತ್ತಿತ್ತು. ಕೈಗೆ ಬಂದದ್ದನ್ನು ಹೊಡೆದು ಬಂದೆ.

ಮಾರನೆಯ ದಿನ ಅವನು ಬಂದ. ಸುಡುಬಿಸಿಲು. ಅವನಿಗೆ ಸೀಟಿನ ಎತ್ತರ ಸರಿ ಮಾಡಿ ಕೊಟ್ಟವಳೂ ನಾನೇ.

ನನ್ನ ತಪ್ಪು ನನಗೆ ಗೊತ್ತಾದದ್ದು ಎಂಟು ವರ್ಷದ ಮೇಲೆ, ರಾತ್ರಿ ಶಾಲೆಯಲ್ಲಿ. ಮೇಡಂ ಕರಿಹಲಗೆಯ ಮೇಲೆ 'ನೀರು' ಎಂದು ಬರೆದರು. ಆ ಚಿತ್ರ ನಾನು ಮೊದಲೇ ನೋಡಿದ್ದೆ. ಇಳಿಜಾರಿನ ತಲೆಯಲ್ಲಿ ಮೊಳೆ ಹೊಡೆಯುವಾಗ ಅದು ನನ್ನ ಮೂಗಿನ ನೇರಕ್ಕೇ ಇತ್ತು. ಎಲ್ಲರೂ ಒಟ್ಟಿಗೆ ಕೂಗಿ ಓದಿದರು. ಇಳಿಜಾರಿನ ತಲೆಗೆ ನಾನು ಹೊಡೆದದ್ದು ನಲ್ಲಿಯ ಬೋರ್ಡು.

ಪೂರ್ತಿ ಬರೆಯಲು ಬಂದ ತಿಂಗಳೇ ನರ್ಸಮ್ಮನಿಗೆ ಕಾಗದ ಬರೆದೆ. ಪಂಕ್ಚರಿಗೆ ಅಂಟಿಸುವ ಸೊಲ್ಯೂಷನ್ನಿನ ತಗಡಿನ ಡಬ್ಬಿಯಲ್ಲಿ ಇಟ್ಟೆ. ಎಷ್ಟೋ ಸಲ ಹಾಕಿಬರಲೆಂದೇ ಹೊರಟೆ. ಸುತ್ತು ದಾರಿಯ ಗುಣವೇ ಕೆಟ್ಟದ್ದು, ಎಲ್ಲಿಂದ ಹೊರಟಿದ್ದೆನೋ ಅಲ್ಲಿಗೇ, ಕಾಗದದ ಸಮೇತ, ತಂದು ಬಿಡುತ್ತಿತ್ತು. ಹಾಗೇ ಹನ್ನೊಂದು ವರ್ಷ ಕಳೆಯಿತು.

"ನಾನೊಂದು ಕಾಗದ ಹಾಕಿ ಬರ್ತೀನಿ," ಎಂದೆ.

ಯಜಮಾನರು ಸ್ಪ್ಯಾನರ್ ಕೆಳಗಿಟ್ಟರು. "ಡಬ್ಬಿಲಿರೋದಾ?"

"ನಿಮಗೆ ಗೊತ್ತಿತ್ತಾ?"

"ಸೊಲ್ಯೂಷನ್ ಬೇಕಾದಾಗ ಡಬ್ಬಿ ತೆಗೆಯೋನು ನಾನೂ ಅಲ್ವೇನೆ?"

"ಮುರಿದ ಸೈಕಲ್ ತರೋಕೆ ಅಂತ ಆ ಸಂಜೆ ಜ್ವರದಲ್ಲೇ ಸುತ್ತಿಗೆ ಹಿಡ್ಕೊಂಡು ಹೋದೋರೂ ನೀವೇ. ಸೈಕಲ್ ತರೋಕೆ ಸುತ್ತಿಗೆ ಯಾಕೆ ಅಂತ ನಾನು ಕೇಳ್ಲೇ ಇಲ್ಲ."

ಅವರು ಚೈನಿನ ಎಣ್ಣೆ ಒರೆಸಿದರು. "ಎರಡನ್ನೂ ಅದಲುಬದಲು ಮಾಡಿ ಬಂದೆ. ಬೋರ್ಡು ಇತ್ತಾ ಅಂತ ಅವಳು ಕೇಳಿ ಬರೆದಾಗ, ಇತ್ತು ಅಂತ ಬರೆದೆ. ನಿನ್ನನ್ನ ಉಳಿಸೋಕೆ."

"ಗೊತ್ತು."

"ಅದೂ ಬರ್ದಿದೀಯಾ?"

"ಅರ್ಧ ಪುಟ."

"ಅರ್ಧವೇ? ನನ್ನ ಸುಳ್ಳಿಗೆ ಅಷ್ಟೂ ಬೆಲೆ ಇಲ್ವಾ?" ನಗಲು ನೋಡಿದರು, ನಗು ಬರಲಿಲ್ಲ. "ಸತ್ತೋನು ಎದ್ದು ಬರ್ತಾನೇನೆ?"

"ಇಲ್ಲ."

"ಅವಳು ಇನ್ಮೇಲೆ ನಿನ್ನನ್ನ ಅಕ್ಕ ಅಂತಾಳಾ?"

"ಅನ್ನಲ್ಲ."

"ಮತ್ತೆ?"

"ಮತ್ತೇನಿಲ್ಲ. ಪಂಪ್ ಕೊಡಿ."

ಮಾರನೆಯ ಬೆಳಿಗ್ಗೆ ಹೊರಡುವ ಮುಂಚೆ ಕಾಗದದ ಕೊನೆಗೆ ಒಂದು ಸಾಲು ಸೇರಿಸಿದೆ.

ಬಯಲಿನಲ್ಲಿ ಎದುರುಗಾಳಿ. ಹುಲ್ಲೆಲ್ಲ ಒಂದೇ ಕಡೆಗೆ ತಲೆ ಬಾಗಿಸಿತ್ತು. ಮೊದಲ ಹಳ್ಳಿಯ ಅಂಚೆಪೆಟ್ಟಿಗೆಯ ಬಾಯಿಗೆ ಹಲಗೆ ಹೊಡೆದು ವರ್ಷಗಳೇ ಆಗಿವೆ. ಎರಡನೆಯದರಲ್ಲಿ ಪೆಟ್ಟಿಗೆಯೇ ಇಲ್ಲ. ಬಾಗಿಲಲ್ಲಿ ಕೂತ ಮುದುಕನೊಬ್ಬ, "ಏನಜ್ಜಿ, ಈ ವಯಸ್ಸಲ್ಲಿ ಸೈಕಲ್ಲಾ?" ಎಂದ.

"ವಯಸ್ಸಿಗೆ ಸೈಕಲ್ ಹೊಡೆಯೋಕೆ ಬರಲ್ಲಪ್ಪ, ನನಗೆ ಬರುತ್ತೆ," ಎಂದು ಮುಂದೆ ಹೋದೆ.

ಇಳಿಜಾರಿನ ತಲೆಯಲ್ಲಿ ಬೋರ್ಡು ಇತ್ತು. 'ಕಡಿದಾದ ಇಳಿಜಾರು. ಸೈಕಲ್ಲಿನಿಂದ ಇಳಿದು ನಡೆಯಿರಿ.' ಇಳಿದು ನಡೆದೆ. ಗೋಡೆಯ ಕಲ್ಲುಗಳ ಮೇಲೆ ಪಾಚಿ ಬೆಳೆದಿದೆ. ತಿರುವಿನ ಆಚೆ ಇನ್ನೊಂದು ಬೋರ್ಡು, 'ಮುಂದೆ ಕುಡಿಯುವ ನೀರು ಇದೆ.' ನಲ್ಲಿ ತಿರುಗಿಸಿದೆ. ನೀರು ಬಂತು. ಕುಡಿಯಲಾಗಲಿಲ್ಲ.

ಮೂರನೆಯ ಹಳ್ಳಿಯ ಅಂಚೆಕಚೇರಿ ಎಂದರೆ ಒಂದು ಕೋಣೆ, ಒಂದು ಮೇಜು, ಅಂಚೆಯ ಕೆಲಸದ ಹೆಂಗಸು. ಅವಳು ಚೀಲದ ಬಾಯಿ ಕಟ್ಟಲು ದಾರ ತೆಗೆಯುತ್ತಿದ್ದಳು.

"ಸರಿಯಾದ ಹೊತ್ತಿಗೆ ಬಂದ್ರಿ ಅಜ್ಜಿ," ಎಂದು ಕವರನ್ನು ತಿರುಗಿಸಿ ನೋಡಿದಳು. "ಯಾವ ಕಾಲದ್ದಿದು? ಅಂಟೆಲ್ಲ ಬಿಟ್ಟಿದೆ. ನನ್ನ ಗೋಂದು ನೋಡಿದ್ರೆ ಕಲ್ಲಾಗಿ ಕೂತಿದೆ."

ನನ್ನ ಚೀಲದಲ್ಲಿ ಸೊಲ್ಯೂಷನ್ ಟ್ಯೂಬು ಇತ್ತು. ಹಚ್ಚಿ, ಊದಿ, ಹೆಬ್ಬೆರಳಿನಿಂದ ಒತ್ತಿ ಹಿಡಿದೆ.

"ಅಯ್ಯೋ, ಕಾಗದಕ್ಕೂ ಪಂಕ್ಚರ್ರಾ?" ಎಂದು ಅವಳು ನಕ್ಕಳು. "ಏನಿದೆಯಮ್ಮ ಅಂಥದ್ದು?"

ಬೆಳಿಗ್ಗೆ ಸೇರಿಸಿದ ಸಾಲು ಬಾಯಿಗೆ ಬಂದಿತ್ತು. 'ನಿಮ್ಮ ತಮ್ಮ ಬೋರ್ಡು ಓದಿ, ಓದಿದ ಹಾಗೆಯೇ ನಡೆದುಕೊಂಡ. ಅವನಿಗೆ ಬಾಯಾರಿತ್ತು, ಅಷ್ಟೇ.'

"ಒಬ್ಬರು ಒಂದು ಮಾತು ಕೇಳಿದ್ರು," ಎಂದೆ. "ಅದಕ್ಕೆ ಉತ್ತರ."

"ಪಾಪ, ಕಾಯ್ತಿರ್ತಾರೆ. ನಾಲ್ಕು ದಿನಕ್ಕೆ ಮುಟ್ಟುತ್ತೆ." ಅವಳು ಮುದ್ರೆ ಎತ್ತಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು. "ಹಾಕಿಬಿಡ್ಲಾ?"

"ಹಾಕು."

ಮುದ್ರೆ ಬಡಿಯಿತು. ಕವರು ಚೀಲದೊಳಗೆ ಹೋಯಿತು. ಅವಳು ದಾರ ಎಳೆದು ಎರಡು ಗಂಟು ಹಾಕಿದಳು.